ಕೆಟ್ಟುಹೋದ ಎರಡನೇ ಗುಂಡಿ

"ಕಟ್," ಎಂದ ನಿರ್ದೇಶಕ. "ಇನ್ನಾಸಪ್ಪನವರೇ, ಹೀರೋಗೆ ಮತ್ತೆ ತಪ್ಪು ಹೇಳ್ಕೊಟ್ಟಿದ್ದೀರಿ. ಈ ಸ್ವರಕ್ಕೆ ಟ್ರಂಪೆಟ್ಟಿನ ಮೊದಲೆರಡು ಗುಂಡಿ ಒತ್ತಬೇಕು ಅಂತ ಪುಸ್ತಕದಲ್ಲಿದೆ. ನೀವು ಮೂರನೇದು ಒತ್ತಿಸ್ತೀರಿ."

ಹೀರೋ ನಕ್ಕ. "ತಾತ, ಮದುವೆ ಬ್ಯಾಂಡಲ್ಲಿ ಹೆಂಗೆ ಒತ್ತಿದ್ರೂ ನಡೆಯುತ್ತೆ. ಇದು ಜಾಜ್."

ಸಿನಿಮಾ ಇದ್ದದ್ದು ತೀರಿಹೋದ ಟ್ರಂಪೆಟ್ ವಾದಕ ಸಿಲ್ವೆಸ್ಟರ್ ಮಾಸ್ಟರ್ ಬಗ್ಗೆ. ಹಿನ್ನೆಲೆಗೆ ಹಾಕುತ್ತಿದ್ದದ್ದು ಮಾಸ್ಟರಿಗೆ ದೇಶವಿಡೀ ಹೆಸರು ತಂದ ರೆಕಾರ್ಡು. ಅದಕ್ಕೆ ತಕ್ಕಂತೆ ಹೀರೋಗೆ ಬೆರಳು ಆಡಿಸುವುದನ್ನು ಕಲಿಸಲು, ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಇನ್ನಾಸಪ್ಪನನ್ನು ಕರೆಸಿದ್ದರು.

"ಪುಸ್ತಕ ಸರಿಯಾಗೇ ಇದೆ ಸಾರ್. ಆದ್ರೆ ಈ ರೆಕಾರ್ಡಲ್ಲಿ ಒತ್ತಿರೋದು ಮೂರನೇದನ್ನೇ. ಅವತ್ತು ಎರಡನೇ ಗುಂಡಿ ಸಿಕ್ಕಾಕ್ಕೊಂಡಿತ್ತು. ಮೂರನೇದೊಂದನ್ನೇ ಒತ್ತಿದ್ರೂ ಅದೇ ಸ್ವರ ಬರುತ್ತೆ."

"ನಿಮಗೆ ಹೆಂಗೆ ಗೊತ್ತು?"

"ಸ್ಟುಡಿಯೋದಲ್ಲೇ ಇದ್ದೆ. ಮಾಸ್ಟರಿಗೆ ತುಟಿ ಒಡೆದು ರಕ್ತ ಬರ್ತಾ ಇತ್ತು."

ನಿರ್ದೇಶಕನ ಕಣ್ಣು ಅರಳಿತು. "ಒಡೆದ ತುಟಿ, ಕೆಟ್ಟ ಟ್ರಂಪೆಟ್ಟು. ಆದರೂ ಊದಿದ್ದಾರೆ ನೋಡ್ರಯ್ಯಾ. ಬರ್ಕೊಳ್ಳಿ, ಇದೇ ಸೀನು."

ಇನ್ನಾಸಪ್ಪ ಬಾಯಿ ತೆರೆದ. ಅಷ್ಟರಲ್ಲಿ ನಿರ್ದೇಶಕ ಅವನ ಹೆಗಲ ಮೇಲೆ ಕೈಹಾಕಿದ.

"ಕ್ಲೈಮ್ಯಾಕ್ಸಿಗೆ ನೀವೂ ಬನ್ನಿ. ಮಾಸ್ಟರ್ ಇದನ್ನ ಊದಿ ಮುಗಿಸ್ತಿದ್ದ ಹಾಗೆ ಮೊದಲ ಸಾಲಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟೋ ಅಭಿಮಾನಿ ನೀವು. ತೆರೆ ಮೇಲೆ ನಿಮ್ಮ ಹೆಸರೂ ಬರುತ್ತೆ. ಇಷ್ಟು ವರ್ಷದಲ್ಲಿ ಎಲ್ಲಾದರೂ ಬಂದಿದೆಯಾ?"

"ಎಲ್ಲೂ ಬಂದಿಲ್ಲ."

"ಮತ್ತೆ?"

"ಬೇಡ ಸಾರ್," ಎಂದ ಇನ್ನಾಸಪ್ಪ. "ನಾನು ಊದಿದ್ದಕ್ಕೆ ನಾನೇ ಚಪ್ಪಾಳೆ ತಟ್ಟಲ್ಲ."