ಎತ್ತಿದ ಕೈ

ಕೆಂಗೂದಲು ಕ್ಯಾಮೆರಾಕ್ಕೆ ಕಾಣಬೇಕೆಂದು ಊನಾಳ ತಲೆಯ ರಬ್ಬರ್ ಟೋಪಿ ತೆಗೆಸಿ, ಮೈಮಾಟ ಕಾಣಬೇಕೆಂದು ಬೇಸಿಗೆಯ ತೆಳು ಉಡುಪು ತೊಡಿಸಿ, ಫೆಬ್ರವರಿಯಲ್ಲಿ ಡೊನೆಗಲ್‌ನ ಸಮುದ್ರಕ್ಕೆ ಅವಳನ್ನು ಎರಡು ಸಲ ಇಳಿಸಿದರು. ಜಾಹೀರಾತು ಚಳಿಗಾಲದ ಸರ್ಫಿಂಗ್ ಉಡುಪಿನದು.

ಎರಡನೆಯ ಸಲ ಅಲೆ ಅವಳನ್ನು ಮರಳಿಗೆ ತಂದು ಒಗೆದಾಗ ಅಕ್ಕ ಡರ್ವ್ಲಾ ಓಡಿಹೋಗಿ ಎತ್ತಿ ಕೂರಿಸಿದಳು. ಅವತ್ತು ದಡದ ಕಾವಲು ಅವಳದು. ಒಬ್ಬರನ್ನು ದಡದಲ್ಲಿ ನಿಲ್ಲಿಸದೆ ಆ ಊರಿನವರು ಚಳಿಗಾಲದಲ್ಲಿ ಅಲೆಯೇರುವ ಹಲಗೆ ಹಿಡಿದು ನೀರಿಗಿಳಿಯುವುದಿಲ್ಲ. ಕಾವಲಿನವರು ಎರಡೂ ಕೈ ಎತ್ತಿದರೆಂದರೆ ನೀರಿನಲ್ಲಿದ್ದವರೆಲ್ಲ ಯಾಕೆ, ಏನು ಎಂದು ಕೇಳದೆ ಹೊರಗೆ ಬರಬೇಕು. ಬೆನ್ನ ಹಿಂದೆ ಎಂಥ ಅಲೆ ಏಳುತ್ತಿದ್ದರೂ ಸರಿಯೇ.

ತಂಗಿಯ ಕೈಗವಸು ಎಳೆದು, “ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸು,” ಎಂದಳು ಡರ್ವ್ಲಾ.

ಊನಾ ತನ್ನ ಬೆರಳುಗಳನ್ನು ಇನ್ಯಾರದೋ ಎಂಬಂತೆ ನೋಡಿದಳು. ಅವು ಮುಟ್ಟಲಿಲ್ಲ. “ನಂಗೀಗ ಚಳಿನೇ ಆಗ್ತಿಲ್ಲ ಅಕ್ಕಾ.” ನಾಲಿಗೆ ಕುಡಿದವರಂತೆ ತೊದಲುತ್ತಿತ್ತು. ನಡುಕ ನಿಂತುಹೋಗಿತ್ತು.

ನಡುಗುವಷ್ಟು ಹೊತ್ತು ಮೈ ಚಳಿಯೊಡನೆ ಗುದ್ದಾಡುತ್ತಿರುತ್ತದೆ; ನಡುಕ ನಿಂತಿತೆಂದರೆ ಸೋಲಲು ಶುರುವಾಯಿತೆಂದೇ. ಡರ್ವ್ಲಾ ವ್ಯಾನ್ ತರಲು ಒಬ್ಬನನ್ನು ಓಡಿಸಿದಳು. ಕಂಬಳಿಯ ಮರೆಯಲ್ಲಿ ಕಂಪನಿಯ ಆ ಒದ್ದೆ ಉಡುಪನ್ನು ಕತ್ತರಿಯಿಂದ ಸೀಳಿ ಎಸೆದಳು. ತನ್ನ ಉಣ್ಣೆಯ ಟೋಪಿಯನ್ನು ತಂಗಿಯ ಕಿವಿ ಮುಚ್ಚುವಂತೆ ಎಳೆದಳು.

ನಿರ್ದೇಶಕ ಫಿಂಟನ್ ಬಂದ. ಗರಿ ತುಂಬಿದ ದಪ್ಪ ಕೋಟು, ಅದರ ತಲೆಮುಸುಕಿನ ದಾರ ಗದ್ದದ ಕೆಳಗೆ ಬಿಗಿಯಾಗಿ ಗಂಟು. ಮೂಗಷ್ಟೇ ಹೊರಗೆ.

“ಏನ್ರೀ ಇದು, ಕತ್ತರಿಸೇ ಬಿಟ್ರಿ? ಇನ್ನೊಂದೇ ಒಂದು ಅಲೆ ಬೇಕಿತ್ತು. ಬೆಳಕು ಹೋಗ್ತಿದೆ.”

“ಜೀವ ಹೋಗ್ತಿತ್ತು, ಅದು ಕಾಣಿಸ್ಲಿಲ್ವಾ?”

“ಚಳಿ ಇಲ್ಲ ಅಂತ ಅವಳೇ ಅಂದ್ಲಲ್ಲ, ನಾನೇ ಕೇಳಿಸ್ಕೊಂಡೆ. ಡಬ್ಲಿನ್‌ನಿಂದ ಬಂದ ನನಗಿರೋ ಧೈರ್ಯ, ಸಮುದ್ರದ ಬಾಯಲ್ಲೇ ಹುಟ್ಟಿದೋರಿಗೆ ಇಲ್ವಲ್ಲ.”

“ಹೌದಪ್ಪ, ಧೈರ್ಯ ನಿಮ್ಮದೇ. ಎಲ್ಲಿ, ಒಂದು ನಿಮಿಷ ಆ ಮುಸುಕು ತೆಗೆದು ಮಾತಾಡಿ, ನೋಡೋಣ.”

ಫಿಂಟನ್‌ನ ಕೈ ಗಂಟಿನವರೆಗೆ ಹೋಯಿತು. ಗಾಳಿ ಬೀಸಿತು. ಕೈ ಗಂಟನ್ನು ಇನ್ನಷ್ಟು ಬಿಗಿದು ಜೇಬಿಗೆ ಮರಳಿತು.

“ಸರಿ, ಇವಳನ್ನ ಬಿಡಿ,” ಎಂದ. ಹಿನ್ನೆಲೆಗೆಂದು ಕರೆಸಿದ್ದ ಊರಿನ ಹುಡುಗ ಹುಡುಗಿಯರು ಅಲೆಗಳಾಚೆ ಹಲಗೆಗಳ ಮೇಲೆ ಕೂತಿದ್ದರು. “ಆ ಹಳದಿ ಹಲಗೆ ಹುಡುಗಿಗೆ ಹೇಳಿ. ಟೋಪಿ ತೆಗೆದು ಒಂದು ಅಲೆ ಹಿಡೀಲಿ. ಅವಳ ಕೂದಲೂ ಕೆಂಪೇ ಅಲ್ವಾ?”

ಕೂದಲು. ಇವನ ಕಣ್ಣಿಗೆ ಈ ದಡದಲ್ಲಿ ಮನುಷ್ಯರೇ ಇಲ್ಲ, ಬಣ್ಣಗಳಿವೆ; ಒಂದು ಆರಿದರೆ ಇನ್ನೊಂದು. ಡರ್ವ್ಲಾ ಮೊಣಕಾಲಿಗೆ ತಂಗಿಯ ತಲೆ ಆನಿಸಿಕೊಂಡು ನೆಟ್ಟಗೆ ನಿಂತಳು. ಎರಡೂ ಕೈ ಮೇಲೆತ್ತಿದಳು.

ಹಳದಿ ಹಲಗೆ ಮೊದಲು ದಡದತ್ತ ತಿರುಗಿತು. ಹಿಂದೆಯೇ ಉಳಿದವೆಲ್ಲ. ಅವರ ಬೆನ್ನ ಹಿಂದೆ ದಿನದ ಅತಿ ಚೆಲುವಾದ ಅಲೆ ಎದ್ದು, ಯಾರೂ ಏರದೆ, ಸುಮ್ಮನೆ ಮುರಿದು ಬಿತ್ತು.

“ಏನ್ ಮಾಡ್ತಿದೀರಿ ನೀವು? ಕೈ ಇಳಿಸಿ.”

“ಇಳಿಸಲ್ಲ.”

“ಇನ್ನು ಈ ಊರಿಗೆ ಯಾವ ಕಂಪನಿಯೂ ಕಾಲಿಡಲ್ಲ, ತಿಳ್ಕೊಳ್ಳಿ. ಕೈ ಇಳಿಸ್ರೀ.”

“ಮೊದಲು ನೀನು ನಿನ್ನ ಮುಸುಕು ಇಳಿಸು,” ಎಂದಳು ಡರ್ವ್ಲಾ. ಎತ್ತಿದ ಕೈ ಎತ್ತಿದಂತೆಯೇ ಇತ್ತು.