ಅವಳದೇ ದನಿ

ದಾವಣಗೆರೆಯಲ್ಲಿ ಈಗ ಎಲ್ಲ ತೊಟ್ಟಿಲುಗಳೂ ಯಂತ್ರದವು, ಹೆತ್ತವಳ ದನಿಯಲ್ಲೇ ಮಾತಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದಿದ್ದ ವಾರಿಜಾ ತನ್ನ ಮಗುವಿನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅದು ಯಾರ ಗಮನಕ್ಕೂ ಬಂದಿರಲಿಲ್ಲ. ತೊಟ್ಟಿಲು ಅವಳ ದನಿಯಲ್ಲಿ ದಿನವಿಡೀ ಲಾಲಿ ಹಾಡುತ್ತಿತ್ತು, ಮುದ್ದು ಮಾಡುತ್ತಿತ್ತು. ನಿನ್ನೆ ಮಗು ಮೊದಲ ಸಲ ನಕ್ಕದ್ದೂ ತೊಟ್ಟಿಲಿನ ಮಾತಿಗೇ. ತಾನಿಲ್ಲದಿದ್ದರೂ ನಡೆಯುತ್ತದೆ ಎಂಬ ಯೋಚನೆ ಆಗಲೇ ಅವಳೊಳಗೆ ಹೊಕ್ಕಿತ್ತು.

ಬೆಳಿಗ್ಗೆ ತಾಯಿ ಶಾಂತವೀರಮ್ಮ ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದಾಗ ವಾರಿಜಾ ಚಪ್ಪಲಿ ಮೆಟ್ಟಿ ಬಾಗಿಲು ತೆರೆದಳು. ಮರಳಿ ಬರುವ ಯೋಚನೆ ಇರಲಿಲ್ಲ. ಹಿಂದಿನಿಂದ ಮಗು ಕಿಟಾರನೆ ಚೀರಿತು.

"ಅಳಬ್ಯಾಡ ನನ್ ಬಂಗಾರಾ, ಅವ್ವ ಇಲ್ಲೇ ಅದಾಳಲ್ಲ," ಎಂದಿತು ತೊಟ್ಟಿಲು, ಅವಳದೇ ದನಿಯಲ್ಲಿ.

ವಾರಿಜಾ ಗಕ್ಕನೆ ತಿರುಗಿದಳು. "ಸುಳ್ಳು! ನಿಮ್ಮವ್ವ ಹೊಂಟಾಳೆ!" ಎಂದು ಕೂಗಿದಳು.

ಒಡೆದ ಆ ದನಿಗೆ ಮಗು ಅಳು ನಿಲ್ಲಿಸಿ ಅವಳತ್ತ ಕಣ್ಣು ಹೊರಳಿಸಿತು. ಆಗಲೂ ಅವಳಿಗೆ ಪ್ರೀತಿ ಉಕ್ಕಲಿಲ್ಲ, ತಾನು ಮಾಡಹೊರಟಿದ್ದಕ್ಕೆ ಹೆದರಿಕೆಯಷ್ಟೇ ಆಯಿತು. ಹೊಸ್ತಿಲ ಬಳಿಯೇ ಕುಸಿದು ಕೂತಳು.

"ಏನಾತೇ?" ಎನ್ನುತ್ತ ಶಾಂತವೀರಮ್ಮ ಓಡಿ ಬಂದಳು.

"ತೊಟ್ಟಿಲು ಬಂದ್ ಮಾಡವ್ವಾ. ನನ್ನನ್ನ ಡಾಕ್ಟ್ರ ಹತ್ರ ಕರ್ಕಂಡು ಹೋಗು. ಅಲ್ಲೀತನಕ ಒಬ್ಬಳನ್ನೇ ಬಿಡಬ್ಯಾಡ."

ಶಾಂತವೀರಮ್ಮ ತೊಟ್ಟಿಲಿನ ಕಡೆ ಹೋಗಲಿಲ್ಲ. ಒದ್ದೆ ಕೈಯಲ್ಲೇ ಮೊದಲು ಮಗಳನ್ನು ತಬ್ಬಿ ಹಿಡಿದಳು.