ಮೈದಾ ಅಂಟಿನ ಮೊಟ್ಟೆ

ಮೊಮ್ಮಗಳು ಶಾಲೆಯ ಕೆಲಸಕ್ಕೆಂದು ಮೈದಾ ಅಂಟು ಕುದಿಸಿದರೆ ನಾನು ಎದ್ದು ಬಿಲ್ಡಿಂಗಿನ ಕೆಳಗೆ ಹೋಗಿ ಕೂರುತ್ತೇನೆ.

ನಾನು ಚಿಕ್ಕವಳಿದ್ದಾಗ ಅಪ್ಪ ಮಲಾಡಿನ ಆಚೆ ಒಂದು ಆಟದ ಪಾರ್ಕಿನಲ್ಲಿ ಬಣ್ಣ ಬಳಿಯುವ ಕೆಲಸಕ್ಕಿದ್ದ. ಈಸ್ಟರ್ ರಜೆಗೆ ಬರುವ ಮಕ್ಕಳಿಗಾಗಿ ಬಿದಿರಿನ ಚೌಕಟ್ಟಿಗೆ ಹಳೆ ಪೇಪರ್ ಅಂಟಿಸಿ ಆಳೆತ್ತರದ ಮೊಟ್ಟೆ ಮಾಡಿ, ಅದಕ್ಕೊಂದು ಬಾಗಿಲಿಟ್ಟ. ಅದರೊಳಗಿಂದ ಕೋಳಿಮರಿಯ ಹಾಗೆ ಹೊರಬರಬೇಕಿದ್ದ ಹುಡುಗಿಗೆ ಜ್ವರ ಬಂತು. ಅವಳ ಹಳದಿ ಲಂಗವನ್ನು ನನಗೆ ತೊಡಿಸಿದರು.

"ಗಂಟಿ ಹೊಡಿಯೂತನಾ ಪಿಟ್ಟನ್ನಬ್ಯಾಡ. ಹೊಡದ ಕೂಡ್ಲೆ ಬಾಗಲಾ ದೂಕಿ ಹೊರಗ ಬಾ," ಎಂದ ಅಪ್ಪ.

"ಉಸರು ಕಟ್ಟಿದ್ರ?"

"ತೂತು ಬಿಟ್ಟೀನಲ್ಲ, ಅಲ್ಲೇ ಮೂಗಿಟ್ಟು ಕೂಡು, ರಾಣಿ."

ನಾನು ಒಳಗೆ ಕೂತ ಮೇಲೆ, ಬಾಗಿಲಿನ ಸಂದು ಕಾಣಬಾರದೆಂದು ಅದರ ಮೇಲೂ ಪೇಪರ್ ಪಟ್ಟಿ ಅಂಟಿಸಿ ಬಣ್ಣ ಬಳಿದ. ಏಪ್ರಿಲ್ ಬಿಸಿಲಿಗೆ ಅಂಟು ಒಣಗಿ ಕಲ್ಲಾಯಿತು. ಇಲಿ ತಿನ್ನಬಾರದೆಂದು ಅದಕ್ಕೆ ಮೈಲುತುತ್ತ ಬೆರೆಸಿದ್ದ. ಅಂಟಿನ ವಾಸನೆ ತಾಳದೆ ತೂತಿಗೆ ಮೂಗು ಒತ್ತಿ ಕೂತೆ.

ಗಂಟೆ ಹೊಡೆಯಿತು. ದೂಡಿದೆ, ಒದ್ದೆ, ಬಾಗಿಲು ಅಲುಗಲಿಲ್ಲ. ಹೊರಗೆ ಮಕ್ಕಳು ಚಪ್ಪಾಳೆ ತಟ್ಟುತ್ತಲೇ ಇದ್ದರು.

"ಅಪ್ಪಾ, ಸಾಯ್ತೀನಿ!" ಎಂದು ಕಿರುಚಿದೆ.

ಅಪ್ಪ ಚಾಕು ಹಿಡಿದು ಓಡಿ ಬಂದದ್ದು ತೂತಿನಿಂದ ಕಂಡಿತು. ಬಂದವನು ಮೊಟ್ಟೆಯ ಹತ್ತಿರ ನಿಂತು ಮ್ಯಾನೇಜರ್ ಕಡೆ ತಿರುಗಿದ.

"ಸಾಬ್, ಕಾಟೂಂ ಕ್ಯಾ?" ಎಂದು ಕತ್ತರಿಸಲು ಅಪ್ಪಣೆ ಕೇಳಿದ.

"ರುಕೋ, ಫೋಟೋವಾಲೇ ಕೋ ಆನೇ ದೋ," ಎಂದರು ಮ್ಯಾನೇಜರ್.

ಅಪ್ಪ ಚಾಕು ಹಿಡಿದುಕೊಂಡು ಫೋಟೋದವನ ದಾರಿ ಕಾದ.